ಕೇಳಿ, ಹೇಳುತ್ತೇವೆ: ಲ್ಯಾಪ್‌ಟಾಪಲ್ಲಿ ಬೀಳುವ ಬೀಗ ರೂಟರಲ್ಲಿ ಯಾಕೆ ಬೀಳಲ್ಲ?

ಪ್ರಶ್ನೆ: ಸರ್, ಗೋಣಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಕೊಯ್ಲಿನ ತೂಕ ಬರೆದಿಡೋಕೆ ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಮಾಡಿದ್ದೇನೆ. ರೈಟರ್, ಮೇಸ್ತ್ರಿ ಇಬ್ಬರೂ ಫೋನಿಂದ ಒಂದೇ ಫೈಲಿಗೆ ಬರೆಯುತ್ತಾರೆ, ಹಾಗಾಗಿ ಫೈಲ್ ಲಾಕ್ (ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಬೀಗ) ಬೇಕೇ ಬೇಕು. ಲ್ಯಾಪ್‌ಟಾಪಲ್ಲಿ ಏನೂ ತೊಂದರೆ ಇಲ್ಲ. ಕಣದ ಪಕ್ಕ ಇಟ್ಟಿರುವ ಹಳೇ ರೂಟರಲ್ಲಿ (32 ಬಿಟ್ ಮಿಪ್ಸ್ ಚಿಪ್, ಲಿನಕ್ಸ್) ಲಾಕ್ ಯಾರ ಹತ್ತಿರ ಇದೆ ಅಂತ ನೋಡುವಾಗ 'ಇನ್ವ್ಯಾಲಿಡ್ ಆರ್ಗ್ಯುಮೆಂಟ್' ಬರುತ್ತದೆ. ಲಾಕಿನ ಲೈಬ್ರರಿ (ರೆಡಿಮೇಡ್ ಕೋಡ್) ಬೇರೆಯವರದು. ಫೈಲ್ ಇರುವ ಪೆನ್‌ಡ್ರೈವ್ ಕೆಟ್ಟಿದೆಯಾ?

ಉತ್ತರ: ಪೆನ್‌ಡ್ರೈವ್ ಬದಲಿಸಬೇಡಿ, ದುಡ್ಡು ದಂಡ. ಫೈಲಿಗೆ 777 ಪರ್ಮಿಷನ್ (ಎಲ್ಲರಿಗೂ ಎಲ್ಲಾ ಅನುಮತಿ) ಕೊಡಿ ಅನ್ನುವವರ ಮಾತೂ ಕೇಳಬೇಡಿ. ನನಗೆ ಅನುಮಾನ ಆ ಲೈಬ್ರರಿಯ ಮೇಲೆ.

ಲಾಕಿನ ಕೆಲಸಕ್ಕೆ ಎಫ್‌ಸಿಎನ್‌ಟಿಎಲ್ (fcntl) ಅನ್ನುವ ಸಿಸ್ಟಂ ಕರೆ ಇದೆ, ಅದರ ಜೊತೆ ಕರ್ನಲ್‌ಗೆ, ಅಂದರೆ ಲಿನಕ್ಸಿನ ತಿರುಳಿಗೆ, ಯಾವ ಕೆಲಸ ಅಂತ ಹೇಳುವ ಒಂದು ಸಂಖ್ಯೆ ಹೋಗುತ್ತದೆ. ಲಾಕ್ ಯಾರದು ಅಂತ ಕೇಳಲು ಇಂಟೆಲ್ ಚಿಪ್ಪಲ್ಲಿ 5. ಮಿಪ್ಸಲ್ಲಿ 14. ಸ್ಪಾರ್ಕ್, ಆಲ್ಫಾ ಅನ್ನುವ ಬೇರೆ ಚಿಪ್ಪುಗಳಲ್ಲಿ 7. ಆದರೆ ಲಾಕ್ ಹಾಕುವ ಸಂಖ್ಯೆ ಇಂಟೆಲಲ್ಲೂ ಮಿಪ್ಸಲ್ಲೂ 6! ಅದಕ್ಕೇ ನಿಮಗೆ ಹಾಕುವಾಗ ಸುಮ್ನಿದ್ದು ಕೇಳುವಾಗ ಮಾತ್ರ ತಕರಾರು. ಯಾರೋ ಇಂಟೆಲ್ ಸಂಖ್ಯೆಗಳನ್ನು ಕೈಯಲ್ಲೇ ಬರೆದುಬಿಟ್ಟಿರಬೇಕು. ರೂಟರಲ್ಲಿ ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್ಲಿಗೆ ಮಾಡುವ ಕರೆಗಳನ್ನು ತೋರಿಸುವ ಸಾಧನ) ಓಡಿಸಿ ನೋಡಿ, ಎಫ್‌ಸಿಎನ್‌ಟಿಎಲ್ ಸಾಲಿನಲ್ಲಿ ಕೆಲಸದ ಹೆಸರು ಇರಬೇಕಾದ ಜಾಗದಲ್ಲಿ ಬರೀ ಸಂಖ್ಯೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಕಳ್ಳ ಸಿಕ್ಕ.

ಹಾಗಂತ 5 ಅಳಿಸಿ 14 ಬರೆದು ಕೈ ತೊಳೆದುಕೊಳ್ಳಬೇಡಿ. ಲಾಕಿನ ವಿವರ ತುಂಬುವ ಸ್ಟ್ರಕ್ಚರ್ (ಮೆಮೊರಿಯಲ್ಲಿ ಫೀಲ್ಡ್‌ಗಳ ಜೋಡಣೆ) ಕೂಡ ಬೇರೆ. 32 ಬಿಟ್ ಮಿಪ್ಸಲ್ಲಿ ಪ್ರೋಸೆಸ್ ನಂಬರಿಗೆ ಮೊದಲು ಇನ್ನೊಂದು ಫೀಲ್ಡ್ ಇದೆ, ಕೊನೆಯಲ್ಲಿ ಖಾಲಿ ಜಾಗವೂ ಇದೆ. ಲೈಬ್ರರಿಯಲ್ಲಿ ಇಂಟೆಲ್ ಅಳತೆಯ ಸ್ಟ್ರಕ್ಚರ್ ಇದ್ದರೆ ಕರ್ನಲ್ ಉತ್ತರ ಬರೆಯುವಾಗ ಅದನ್ನು ದಾಟಿ ಪಕ್ಕದ ಮೆಮೊರಿಯನ್ನೂ ತುಳಿಯುತ್ತದೆ. ಆಮೇಲೆ ಪ್ರೋಗ್ರಾಂ ಇನ್ನೆಲ್ಲೋ ಬೀಳುತ್ತದೆ, ನೀವು ಅಲ್ಲಿ ಹುಡುಕುತ್ತಾ ಕೂರುತ್ತೀರಿ.

ಒಂದು ಲೆಕ್ಕಕ್ಕೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಎರರ್ ಆದರೂ ಬಂತು. ಲಾಕ್ ಬಿಡಿಸುವುದಕ್ಕೆ ಇಂಟೆಲಲ್ಲಿ ಇರುವ ಗುರುತು 2, ಆದರೆ ಆಲ್ಫಾ, ಸ್ಪಾರ್ಕಲ್ಲಿ 2 ಅಂದರೆ ಬರೆಯುವ ಲಾಕ್. ಬಿಡಿಸಲು ಹೋದವನು ಮತ್ತೆ ಬೀಗ ಜಡಿದು ಬರುತ್ತಾನೆ, ಎರರೂ ಇಲ್ಲ!

ಪರಿಹಾರ: ಕೈಬರಹದ ಸಂಖ್ಯೆ, ಸ್ಟ್ರಕ್ಚರ್ ಎರಡನ್ನೂ ಕಿತ್ತುಹಾಕಿ. ರೂಟರಿನ ಟೂಲ್‌ಚೈನ್ (ಆ ಚಿಪ್ಪಿಗೆ ಕಂಪೈಲ್ ಮಾಡುವ ಸಾಧನಗಳು) ಜೊತೆ ಬರುವ ಎಫ್‌ಸಿಎನ್‌ಟಿಎಲ್ ಹೆಡರ್, ಅಂದರೆ ಈ ಸಂಖ್ಯೆ, ಸ್ಟ್ರಕ್ಚರ್ ಬರೆದಿಟ್ಟ ಫೈಲ್ ಸೇರಿಸಿ, ಲೈಬ್ರರಿಯನ್ನೂ ಪ್ರೋಗ್ರಾಮನ್ನೂ ಹೊಸದಾಗಿ ಕಂಪೈಲ್ ಮಾಡಿ. ಲ್ಯಾಪ್‌ಟಾಪಿನ ಹೆಡರ್ ಕಾಪಿ ಮಾಡಿದರೆ ಕಥೆ ಮತ್ತೆ ಅದೇ. ಪ್ರತಿ ಸಲ ಕಣಕ್ಕೆ ಓಡಬೇಕಾಗಿಲ್ಲ, ಮಿಪ್ಸಿಗೆ ಕಂಪೈಲ್ ಆದದ್ದನ್ನು ಲ್ಯಾಪ್‌ಟಾಪಲ್ಲೇ ಕ್ಯೂಇಎಂಯು (ಬೇರೆ ಚಿಪ್ಪನ್ನು ಅನುಕರಿಸುವ ಸಾಫ್ಟ್‌ವೇರ್) ಮೂಲಕ ಓಡಿಸಿ ನೋಡಬಹುದು.

ಪ್ರಶ್ನೆ: ಸೋಮವಾರಪೇಟೆಯಿಂದ ಬರೆಯುತ್ತಿದ್ದೇನೆ. ಎಫ್‌ಸಿಎನ್‌ಟಿಎಲ್ ಲಾಕ್ ಹಾಕಿದ ಫೈಲನ್ನೇ ಅದೇ ಪ್ರೋಗ್ರಾಮಿನ ಇನ್ನೊಂದು ಫಂಕ್ಷನ್ ತೆರೆದು, ಓದಿ, ಮುಚ್ಚಿದರೆ ಲಾಕ್ ಮಾಯ. ಇದೂ ಚಿಪ್ಪಿನ ಕಾಟವಾ?

ಉತ್ತರ: ಅಲ್ಲ, ಇದು ಎಲ್ಲಾ ಚಿಪ್ಪಲ್ಲೂ ಹೀಗೇ. ಪಾಸಿಕ್ಸ್ (ಯುನಿಕ್ಸ್ ಮಾದರಿ ಸಿಸ್ಟಂಗಳ ಮಾನದಂಡ) ನಿಯಮದ ಪ್ರಕಾರ ಒಂದು ಪ್ರೋಸೆಸ್ ಅದೇ ಫೈಲನ್ನು ಎಲ್ಲೇ ಮುಚ್ಚಿದರೂ ಅದರ ಮೇಲೆ ಹಾಕಿದ್ದ ಲಾಕ್ ಎಲ್ಲಾ ಹೋಗುತ್ತದೆ. ನನಗಂತೂ ಇದು ಕೆಟ್ಟ ನಿಯಮ ಅನ್ನಿಸುತ್ತದೆ. ಲಿನಕ್ಸ್ 3.15ರಿಂದ, ಅಂದರೆ 2014ರಿಂದ, ಓಎಫ್‌ಡಿ ಲಾಕ್ (ಪ್ರೋಸೆಸ್ಸಿಗಲ್ಲ, ಫೈಲನ್ನು ಒಮ್ಮೆ ತೆರೆದದ್ದಕ್ಕೆ ಅಂಟಿಕೊಳ್ಳುವ ಲಾಕ್) ಇದೆ, ಅದು ಹೀಗೆ ಕೈಕೊಡುವುದಿಲ್ಲ. ಅದನ್ನೇ ಬಳಸಿ.