ಹೊಗೆ ವಾಸನೆ ಬಂದರೆ ಕೆಟ್ಟಿದೆ ಅಂತಲ್ಲ

ಲ್ಯಾಗವುಲಿನ್ ವಿಸ್ಕಿ ಪೀಪಾಯಿಯಲ್ಲಿ ಇಟ್ಟ, ಇಂಗ್ಲೆಂಡಿನ ಜೆ.ಡಬ್ಲ್ಯೂ. ಲೀಸ್ ಕಂಪನಿಯ ಹಾರ್ವೆಸ್ಟ್ ಏಲ್ (ಬಾರ್ಲಿ ವೈನ್ ಅನ್ನೋ ಜಾತಿಯ ಸ್ಟ್ರಾಂಗ್ ಬಿಯರ್) ತೆರೆದರೆ ಆಸ್ಪತ್ರೆ ವಾಸನೆ, ನೊರೆಯೂ ಇಲ್ಲ, ಕೆಟ್ಟಿದೆಯಾ ಅಂತ ಕೇಳಿದ್ದೀರಿ. ದಯವಿಟ್ಟು ಚೆಲ್ಲಬೇಡಿ! ಲ್ಯಾಗವುಲಿನ್ ಸ್ಕಾಟ್‌ಲೆಂಡಿನ ಐಲಾ ದ್ವೀಪದ ವಿಸ್ಕಿ, ಅಲ್ಲಿ ಪೀಟ್ ಅನ್ನೋ ಜೌಗು ಮಣ್ಣು ಸುಟ್ಟ ಹೊಗೆಯಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಒಣಗಿಸುತ್ತಾರೆ, ಆ ಟಿಂಚರ್ ವಾಸನೆ ಪೀಪಾಯಿಯ ಮರದಿಂದ ಬಿಯರಿಗೂ ಇಳಿದಿರುತ್ತದೆ. ನೊರೆ ಕಡಿಮೆ ಇರೋದೂ ಮಾಮೂಲು. ಮೂಗಿಗೆ ವಿನೆಗರ್ ಥರ ಹುಳಿ ಹೊಡೆದರೆ ಮಾತ್ರ ಅನುಮಾನ ಪಡಿ.

ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿದಿರಿ ಅಲ್ವಾ? ಅದೇ ಎಡವಟ್ಟು. ತಣ್ಣಗಿದ್ದರೆ ಬರೀ ಸಿಹಿ, ಹೊಗೆ ಅಷ್ಟೇ. ನಾನೂ ಮೊದಲ ಸಲ ಮುಖ ಕಿವುಚಿ ಗ್ಲಾಸು ಪಕ್ಕಕ್ಕಿಟ್ಟೆ, ಅರ್ಧ ಗಂಟೆ ಬಿಟ್ಟು ಸುಮ್ನೆ ಮೂಸಿದರೆ ಒಣದ್ರಾಕ್ಷಿ, ಜೋನಿಬೆಲ್ಲ, ಹೊಗೆ ಹಿಂದೆಲ್ಲೋ ಒಲೆ ಆರಿಸಿದ ಹಾಗೆ. 12-14 ಡಿಗ್ರಿ ಸಾಕು. ವೈನ್ ಗ್ಲಾಸಿಗೆ ಸ್ವಲ್ಪವೇ ಸುರಿದು ಅಂಗೈಯಲ್ಲಿ ಹಿಡಿದುಕೊಳ್ಳಿ.

ಬಾರ್ಲಿ ವೈನ್ ಅನ್ನೋ ಹೆಸರಲ್ಲಿ ವೈನ್ ಇದ್ದರೂ ಇದು ಬಿಯರೇ, ಆದರೆ ಆಲ್ಕೋಹಾಲ್ 11.5%. ಮಾಮೂಲಿ ಲಾಗರ್ ಬಿಯರ್ ಥರ ಗಟಗಟ ಇಳಿಸಿದರೆ ಬೆಳಿಗ್ಗೆ ತಲೆ ಹಿಡಿದುಕೊಳ್ಳುತ್ತೀರಿ. ಒಂದು ಬಾಟಲಿ ಇಬ್ಬರಿಗೆ, ಜೊತೆಗೆ ಉಪ್ಪುಪ್ಪು ಚೀಸ್. ಹೊಗೆ ಆಗಲೂ ಜಾಸ್ತಿ ಅನಿಸಿದರೆ ಲೀಸ್ ಅವರದೇ ಶೆರಿ (ಸ್ಪೇನಿನ ವೈನ್) ಪೀಪಾಯಿಯಲ್ಲಿ ಇಟ್ಟ ಹಾರ್ವೆಸ್ಟ್ ಏಲ್ ಹುಡುಕಿ.