ಹಳೆಯ ಮೆಟಾಡೋರ್ ವ್ಯಾನನ್ನು ಗುಜರಿಗೆ ಕೊಡದೆ ಬೇರೆ ಏನು ಮಾಡಬಹುದು?

ನಿಮ್ಮ ದೊಡ್ಡಪ್ಪನ ಮೆಟಾಡೋರ್ ಯಲಹಂಕದ ಮನೆ ಹಿತ್ತಲಲ್ಲಿ ನಿಂತಿದೆ, ಫುಡ್ ಟ್ರಕ್, ಕ್ಯಾಂಪರ್ (ಒಳಗೇ ಮಲಗಿ ಊರೂರು ಸುತ್ತುವ ಗಾಡಿ) ಎರಡೂ ಬೇಡ, ಬೇರೇನು ಮಾಡಬಹುದು ಅಂತ ಕೇಳಿದ್ದೀರಿ. ತುಂಬಾ ಮಾಡಬಹುದು. ಆದರೆ ಗ್ಯಾಸ್ ಕಟರ್ ಮಾತ್ರ ಹತ್ತಿರ ತರಬೇಡಿ. ಒಳಗೆ ಏನೇ ಕೂರಿಸಿದರೂ, ಬೋಲ್ಟ್ ಬಿಚ್ಚಿದರೆ ಮತ್ತೆ ಹಳೆಯ ವ್ಯಾನೇ ಸಿಗಬೇಕು.

ಮೆಟಾಡೋರ್ ಮೂಲತಃ ಜರ್ಮನ್ ವಿನ್ಯಾಸ. ಇಲ್ಲಿ ಮಾಡುತ್ತಿದ್ದದ್ದು ಬಜಾಜ್ ಟೆಂಪೋ, ಅಂದರೆ ಇವತ್ತಿನ ಫೋರ್ಸ್ ಮೋಟಾರ್ಸ್. ಎಂಜಿನ್ ಓಡಿಸುವುದು ಮುಂದಿನ ಚಕ್ರಗಳನ್ನು. ಹಾಗಾಗಿ ನೆಲದಡಿ ಹಿಂದಿನ ಚಕ್ರ ತಿರುಗಿಸುವ ಶಾಫ್ಟ್ ಹೋಗುವುದಿಲ್ಲ, ನೆಲ ತಗ್ಗಾಗಿದೆ. ವಯಸ್ಸಾದವರು, ಮಕ್ಕಳು ಸಲೀಸಾಗಿ ಹತ್ತಿ ಇಳಿಯಬಹುದು. ಇದನ್ನು ಒಂದು ಪುಟ್ಟ ಕೋಣೆ ಅಂತಲೇ ನೋಡಿ.

ರಾಜರಾಜೇಶ್ವರಿ ನಗರದ ಆಚೆ ಪರಿಚಯದವರೊಬ್ಬರ ತೋಟದಲ್ಲಿ ಇಂಥದ್ದೇ ಒಂದು ಗಾಡಿ ಮಕ್ಕಳ ಪುಸ್ತಕದ ಮನೆಯಾಗಿದೆ. ಸೀಟು ತೆಗೆದ ಮೇಲೆ ಉಳಿದ ಬೋಲ್ಟ್ ತೂತುಗಳಿಗೇ ಸ್ಲಾಟೆಡ್ ಆಂಗಲ್ (ಉದ್ದಕ್ಕೂ ತೂತಿರುವ ಕಬ್ಬಿಣದ ಪಟ್ಟಿ) ಕೂರಿಸಿ ಶೆಲ್ಫ್ ಮಾಡಿದ್ದಾರೆ. ಹೊಸದಾಗಿ ಒಂದು ತೂತೂ ಕೊರೆದಿಲ್ಲ. ಹಲಗೆಗಳು ಒಂದು ಬೆರಳಿನಷ್ಟು ಹಿಂದಕ್ಕೆ ವಾಲಿವೆ. ಗಾಡಿ ಅಲುಗಾಡಿದರೂ ಪುಸ್ತಕ ಬೀಳಬಾರದು ಅಂತ. ಹಿಂದಿನ ಬಾಗಿಲು ತೆಗೆದರೆ ಅದೇ ಕಥೆ ಹೇಳುವ ಕಟ್ಟೆ. ನೋಡಿದಾಗ ನನಗೆ ಅಷ್ಟು ಇಷ್ಟವಾಯಿತು!

ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಹೆಚ್ಚು ಸಿಗುವುದು ಮಾರುತಿ ಓಮ್ನಿ. 1984ರಲ್ಲಿ ಬಂದು 2019ರವರೆಗೂ ತಯಾರಾದ ಗಾಡಿ. 796 ಸಿಸಿ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಹಿಂದೆ ಪೂರ್ತಿ ಜಾಗ. ಜಯನಗರದಲ್ಲಿ ಓಮ್ನಿಯಲ್ಲೇ ಇಸ್ತ್ರಿ ಅಂಗಡಿ ಇಟ್ಟವರೊಬ್ಬರನ್ನು ಕಂಡಿದ್ದೇನೆ. ಹಿಂದಿನ ಬಾಗಿಲು ಮೇಲಕ್ಕೆತ್ತಿದರೆ ಅದೇ ಸೂರು, ಅದರ ಅಂಚಿಗೆ ಒಂದು ತುಂಡು ಟಾರ್ಪಾಲು. ಇಸ್ತ್ರಿ ಮಾಡುವ ಹಲಗೆಗೆ ಕಾಲುಗಳಿವೆ, ಸಂಜೆ ಮಡಚಿ ಒಳಗೆ ತಳ್ಳುತ್ತಾರೆ. ಕೆಂಡ ತುಂಬಿದ ಪೆಟ್ಟಿಗೆಯನ್ನು ಮಾತ್ರ ಗಾಡಿಯೊಳಗೆ ಇಡುವುದೇ ಇಲ್ಲ, ಹೊರಗೆ ಚಪ್ಪಡಿ ಕಲ್ಲಿನ ಮೇಲೆ. ಇಂಥ ತಿಳಿವಳಿಕೆ ಯಾವ ಡಿಸೈನರ್‌ಗೂ ಕಡಿಮೆಯದಲ್ಲ.

ಹೊರದೇಶದಲ್ಲಿ ಇನ್ನೂ ವಿಚಿತ್ರಗಳಿವೆ. 1955ರಲ್ಲಿ ಜರ್ಮನ್ ರೈಲ್ವೆಗೆ ಫೋಕ್ಸ್‌ವ್ಯಾಗನ್ ವ್ಯಾನಿಗೆ ರೈಲಿನ ಚಕ್ರ ಹಾಕಿ ಹಳಿ ತಪಾಸಣೆಯ ಗಾಡಿಗಳನ್ನು ಮಾಡಿದರು, ಒಟ್ಟು 30. ಹಳಿ ಮೇಲೆ ಯೂ-ಟರ್ನ್ ಹೊಡೆಯಲು ಆಗಲ್ವಲ್ಲ? ಅದಕ್ಕೆ ಗಾಡಿಯ ಹೊಟ್ಟೆಯಡಿ ಒಂದು ಹೈಡ್ರಾಲಿಕ್ ಜಾಕ್. ಅದು ಗಾಡಿಯನ್ನು ಮೇಲಕ್ಕೆತ್ತಿದರೆ ಒಬ್ಬನೇ ಆಳು ತಳ್ಳಿ ತಿರುಗಿಸಿಬಿಡಬಹುದು. ವಿಯೆನ್ನಾದ ಒಬ್ಬ ಮೆಕ್ಯಾನಿಕ್ ಅಂತೂ 1962ರಲ್ಲಿ ಹಿಮದಲ್ಲಿ ಓಡಿಸಲು ಅದೇ ವ್ಯಾನಿಗೆ ನಾಲ್ಕು ಆಕ್ಸಲ್, ಹಿಂದೆ ಯುದ್ಧದ ಟ್ಯಾಂಕಿನ ಹಾಗೆ ಪಟ್ಟಿ ಸುತ್ತಿದ ಚಕ್ರಗಳನ್ನು ಕೊಟ್ಟ. ಫ್ರಾನ್ಸಿನ ಸಿಟ್ರೊಯೆನ್ ಎಚ್ ವ್ಯಾನ್ ನಿಮ್ಮದಕ್ಕೆ ಹತ್ತಿರದ ನೆಂಟ. 1947ರಿಂದ 1981ರವರೆಗೆ ಬಂತು. ಅದೂ ಮುಂದಿನ ಚಕ್ರದ್ದೇ, ನೆಲವೂ ತಗ್ಗೇ. ಸಂತೆ ಅಂಗಡಿಗೆ ಅದು ಅಷ್ಟು ಒಗ್ಗಿದ್ದು ಅದಕ್ಕೇ.

ಇನ್ನು ಕಾನೂನು. ರಸ್ತೆಗೆ ಇಳಿಸುವ ಗಾಡಿಯಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕಂಪನಿ ಕೊಟ್ಟ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. 2021ರಲ್ಲಿ ಬಂದ ವಿಂಟೇಜ್ ನಿಯಮವನ್ನೂ ನೋಡಿಕೊಳ್ಳಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗೆ ಆ ಮನ್ನಣೆ ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಸಿಕ್ಕಿದ ಮೇಲೂ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು-ಡೀಸೆಲ್‌ಗೆ ಮಾತ್ರ. ಇವತ್ತು ಕಿಟಕಿಗೆಂದು ತಗಡು ಕತ್ತರಿಸಿದರೆ ನಾಳೆಯ ಆ ದಾರಿ ಮುಚ್ಚಿಹೋಗುತ್ತದೆ. ಗ್ಯಾಸ್ ಕಟರ್ ಬೇಡ ಅಂದದ್ದು ಇದಕ್ಕೂ ಹೌದು.

ಹಾಗಾಗಿ ನನ್ನ ಆಯ್ಕೆ ಕೇಳಿದರೆ, ಹಿತ್ತಲಲ್ಲೇ ನಿಲ್ಲಿಸಿ. ಓದುವ ಕೋಣೆ, ಹೊಲಿಗೆ ಕೋಣೆ, ಮೊಮ್ಮಕ್ಕಳಿಗೆ ತಬಲಾ ಕ್ಲಾಸು, ನಿಮಗೆ ಬೇಕಾದ್ದು. ಏಪ್ರಿಲ್ ಬಿಸಿಲಿಗೆ ತಗಡಿನ ಚಾವಣಿ ಕಾದು ಕೂರಲಾಗುವುದಿಲ್ಲ. ಆದರೆ ಒಳಗಡೆ ಥರ್ಮೋಕೋಲ್ ಅಂಟಿಸಿ ಪ್ಲೈವುಡ್ ಹೊಡೆಸಬೇಡಿ. ಅದರ ಹಿಂದೆ ಪಸೆ ನಿಂತು ಹೊರಗೆ ಕಾಣದ ಹಾಗೆ ತುಕ್ಕು ತಿನ್ನುತ್ತದೆ. ಗಾಡಿಯ ಮೇಲೆ ಒಂದು ಅಡಿ ಗಾಳಿ ಬಿಟ್ಟು ಬೇರೆಯಾಗಿ ಶೀಟಿನ ಚಪ್ಪರ ಹಾಕಿಸಿ. ಬಿಸಿಲು, ಮಳೆ ಎರಡಕ್ಕೂ ಅದೇ ಸಾಕು. ಚಕ್ರ ಮಣ್ಣಲ್ಲಿ ಹೂತಿದ್ದರೆ ಜಾಕ್ ಕೊಟ್ಟು ಆಕ್ಸಲ್ ಕೆಳಗೆ ಕಲ್ಲು ಪೇರಿಸಿ.

ಈ ಭಾನುವಾರವೇ ಬಾಗಿಲಿನ ಅಡಿಯ ಪಟ್ಟಿ, ಚಾವಣಿಯ ನೀರು ಹೋಗುವ ಅಂಚು ಇವೆರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗೆ ಹೋದರೆ ಮೊದಲು ಟಿಂಕರಿಂಗ್, ಅಂದರೆ ತಗಡಿನ ರಿಪೇರಿ, ಮಾಡಿಸಬೇಕು, ಹೋಗದಿದ್ದರೆ ನೇರವಾಗಿ ಶೆಲ್ಫ್ ಕೆಲಸ ಶುರು ಮಾಡಬಹುದು. ಹಳೆಯ ರಬ್ಬರ್ ಬೀಡಿಂಗ್, ಹಿಡಿಕೆಗಳಿಗೆ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಎರಡೂ ಕಡೆ ಕೇಳಿ, ಹಳೆಯ ಪೀಸ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.