ಗಿಡದ ಅಂಶವೊಂದು ಆತಂಕದ ಮಾತ್ರೆಯಾದ ಡಯಾಜೆಪಾಮ್‌ಗಿಂತ ಚೆನ್ನಾಗಿ ಮಿದುಳಿನ ಗುರಿಗೆ ಅಂಟುತ್ತದೆ ಎಂದು ಕಂಪ್ಯೂಟರ್ ಹೇಳಿದರೆ, ಅದು ಆತಂಕಕ್ಕೆ ಔಷಧಿ ಆಗುತ್ತದೆಯೇ?

ಇಲ್ಲ, ಅಷ್ಟರಿಂದಲೇ ಆಗುವುದಿಲ್ಲ.

ಅಣುವೊಂದು ದೇಹದ ಪ್ರೋಟೀನಿನಲ್ಲಿ ಎಷ್ಟು ಬಿಗಿಯಾಗಿ ಕೂರಬಹುದು ಎಂದು ಕಂಪ್ಯೂಟರ್ ಅಂದಾಜಿಸುವ ಈ ಲೆಕ್ಕಾಚಾರಕ್ಕೆ ಡಾಕಿಂಗ್ ಅನ್ನುತ್ತಾರೆ. ಆತಂಕದ ವಿಷಯದಲ್ಲಿ ಸಾಮಾನ್ಯ ಗುರಿ ಮಿದುಳಿನ ಗಾಬಾ-ಎ ಗ್ರಾಹಕ, ಅಂದರೆ ನರಕೋಶದ ಮೇಲಿದ್ದು ರಾಸಾಯನಿಕ ಸಂಕೇತ ಹಿಡಿಯುವ ಪ್ರೋಟೀನ್. ಡಯಾಜೆಪಾಮ್ ಕೂತ ಸ್ಥಿತಿಯಲ್ಲೇ ಅದರ ಮೂರು ಆಯಾಮದ ರಚನೆ 2019ರಲ್ಲಿ ಪ್ರಕಟವಾಗಿದೆ. ನಮ್ಮ ಗಿಡಮೂಲಿಕೆಗಳ ಅಣುಗಳಿಗೆ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ರೂಪಿಸಿದ ಇಂಪ್ಯಾಟ್ ದತ್ತಸಂಚಯವಿದೆ. ಆಟೋಡಾಕ್ ವೀನಾದಂಥ ತಂತ್ರಾಂಶ ಒಂದೊಂದು ಅಣುವನ್ನೂ ಗ್ರಾಹಕದ ಸಂದಿಯಲ್ಲಿ ನಾನಾ ಭಂಗಿಗಳಲ್ಲಿ ಕೂರಿಸಿ ನೋಡಿ, ಮೋಲ್‌ಗೆ ಮೈನಸ್ 8, ಮೈನಸ್ 9 ಕಿಲೋಕ್ಯಾಲರಿ ಎಂದು ಅಂಕ ಕೊಡುತ್ತದೆ. ಮೈನಸ್ ಹೆಚ್ಚಾದಷ್ಟೂ ಹಿಡಿತ ಬಿಗಿ ಎಂದು ಅಂದಾಜು. ಆದರೆ ಈ ಅಂದಾಜಿನಲ್ಲೇ ಎರಡು ಕಿಲೋಕ್ಯಾಲರಿ ಅತ್ತಿತ್ತ ಆಗಬಹುದು. ಹಾಗಾಗಿ 'ಡಯಾಜೆಪಾಮ್‌ಗಿಂತ 0.4 ಉತ್ತಮ' ಎಂದು ಬರೆದರೆ ನಾನಂತೂ ಅದಕ್ಕೆ ಬೆಲೆ ಕೊಡುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಫ್ಲುಮಾಜೆನಿಲ್ ಎಂಬ ಔಷಧಿ ಕೂಡ ಡಯಾಜೆಪಾಮ್ ಕೂರುವ ಜಾಗದಲ್ಲೇ ಬಿಗಿಯಾಗಿ ಕೂರುತ್ತದೆ. ಅದು ಮಾಡುವುದು ಮಾತ್ರ ತದ್ವಿರುದ್ಧ: ಡಯಾಜೆಪಾಮ್‌ನ ಪರಿಣಾಮವನ್ನೇ ಅಳಿಸಲು ಆಸ್ಪತ್ರೆಗಳಲ್ಲಿ ಅದನ್ನು ಚುಚ್ಚುತ್ತಾರೆ. ಕೂತ ಅಣು ಗ್ರಾಹಕವನ್ನು ಚುರುಕುಗೊಳಿಸುತ್ತದೋ, ತಡೆಯುತ್ತದೋ, ಸುಮ್ಮನಿರುತ್ತದೋ ಎಂಬುದು ಡಾಕಿಂಗ್ ಅಂಕದಿಂದ ತಿಳಿಯದು.

ಇನ್ನು ಕ್ಯಾಮೊಮೈಲ್ ಹೂವಿನ ಎಪಿಜೆನಿನ್‌ನಂಥ ಫ್ಲೇವನಾಯ್ಡ್‌ಗಳು (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳು) ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ನುಂಗಿದ್ದರಲ್ಲಿ ಮಿದುಳು ತಲುಪುವುದೆಷ್ಟು ಎಂಬುದು ಬೇರೆ ಪ್ರಶ್ನೆ.

ಡಾಕಿಂಗ್ ಒಂದು ಜರಡಿ. ಸಾವಿರಾರು ಅಣುಗಳಲ್ಲಿ ಯಾವ ಹತ್ತನ್ನು ಮೊದಲು ಪ್ರಯೋಗಾಲಯಕ್ಕೆ ಒಯ್ಯಬೇಕು ಎಂದು ಆರಿಸಲು ಅದು ನಿಜಕ್ಕೂ ಉಪಯುಕ್ತ. ಅಂಥ ವರದಿ ಓದಿ ಈಗಿನ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಡಯಾಜೆಪಾಮ್ ಥರದವನ್ನು ದಿಢೀರನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು.